ಕುವೈತ್ ಮಾವನ ಹಳದಿ ಕಾರು

2025ರ ಮೇ 8, ಗುರುವಾರ. ಮ್ಯೂನಿಕ್‌ನಲ್ಲಿ ಸಂಜೆ ಎಂಟು ಗಂಟೆ, ಊರಲ್ಲಿ ರಾತ್ರಿ ಹನ್ನೊಂದೂವರೆ. ಕುಕ್ಕರ್ ಮೂರನೇ ಸೀಟಿ ಹಾಕುವಷ್ಟರಲ್ಲಿ ಫೋನು ಐದಾರು ಸಲ ಟಿಂಗ್ ಅಂದಿತು. ನಮ್ಮ ಮನೆಯವರ ವಾಟ್ಸಾಪ್ ಗುಂಪು. ಭಾರತ ಪಾಕಿಸ್ತಾನದ ನಡುವೆ ಕ್ಷಿಪಣಿ, ಡ್ರೋನುಗಳು ಹಾರಾಡುತ್ತಿದ್ದ ದಿನಗಳವು, ಹಾಗಾಗಿ ಗುಂಪಿನಲ್ಲಿ ಯಾರಿಗೂ ನಿದ್ದೆ ಇರಲಿಲ್ಲ. ಆ ರಾತ್ರಿ ನಮ್ಮ ಹಲವು ಟಿವಿ ಚಾನೆಲ್‌ಗಳು ಕರಾಚಿ ಬಂದರು ಧ್ವಂಸವಾಯಿತು ಅಂತ ಕೂಗುತ್ತಿದ್ದವು. (ಆಗಿರಲಿಲ್ಲ. ಬೆಳಗಾದಾಗ ಬಂದರು ಇದ್ದ ಜಾಗದಲ್ಲೇ ಇತ್ತು.)

ಗುಂಪಿಗೆ ವಿಡಿಯೋ ಹಾಕಿದ್ದು ಕುವೈತ್ ಮಾವ. ಕಪ್ಪು ಆಕಾಶ, ಕೆಳಗಿನಿಂದ ಮೇಲಕ್ಕೆ ಸಾಲಾಗಿ ಹೋಗುವ ಬೆಂಕಿಯ ಚುಕ್ಕೆಗಳು, ತಿರುಗುತ್ತಾ ಬೀಳುವ ಒಂದು ವಿಮಾನ. ನಾಲ್ಕು ಸೆಕೆಂಡು ನೋಡಿದ್ದೇ ಗೊತ್ತಾಯಿತು, ಇದು ಆಟ. 'ಆರ್ಮಾ 3' ಅನ್ನೋ ವಿಡಿಯೋ ಗೇಮಿನ ದೃಶ್ಯ ಇರಬೇಕು. ಹೊಗೆ ಒಂದೇ ರೀತಿ ಸುರುಳಿ ಸುತ್ತುತ್ತದೆ, ಕ್ಯಾಮೆರಾ ಹಿಡಿದ ಕೈಗೆ ಹೆದರಿಕೆಯೇ ಇಲ್ಲ. ನಾನು ಬರೆದೆ: "ಮಾವ, ಇದು ವಿಡಿಯೋ ಗೇಮು. ಯಾರಿಗೂ ಕಳಿಸಬೇಡಿ."

ಎರಡು ನಿಮಿಷ ಗುಂಪು ತೆಪ್ಪಗಿತ್ತು. ಆಮೇಲೆ ಒಬ್ಬ ಭಾವ, ವಿದೇಶದಲ್ಲಿ ಕೂತವರಿಗೆ ಇಂಥ ಹೊತ್ತಲ್ಲೂ ತಪ್ಪು ಹುಡುಕುವುದೇ ಕೆಲಸ ಅಂತ ಬರೆದರು. ಅದು ಬಿಡಿ, ಅದಕ್ಕೆ ನಾವು ಒಗ್ಗಿಹೋಗಿದ್ದೇವೆ. ಆದರೆ ಆಮೇಲೆ ಮಾವನೇ ಫೋನ್ ಮಾಡಿದರು. ಎಪ್ಪತ್ತೊಂದು ವರ್ಷದ ಮನುಷ್ಯ, ಮಧ್ಯರಾತ್ರಿ.

"ನಿಂಗೆ ಯುದ್ಧ ಅಂದ್ರೆ ಎಂತ ಗೊತ್ತುಂಟು ಮಾರಾಯ್ತಿ? ನಾನು ನೋಡಿದವ."

ಅದು ನಿಜ. ನಮ್ಮ ಇಡೀ ಕುಟುಂಬದಲ್ಲಿ ಯುದ್ಧವನ್ನು ಕಣ್ಣಾರೆ ಕಂಡವರು ಅವರೊಬ್ಬರೇ. ನಾನು ಕಂಡದ್ದು ಪರದೆಯ ಮೇಲೆ ಮಾತ್ರ. ಆದರೂ ಆ ವಿಡಿಯೋ ಸುಳ್ಳು ಅಂತ ಗೊತ್ತಾದದ್ದು ನನಗೆ, ನಂಬಿದ್ದು ಅವರು. ಅವತ್ತು ಅನ್ನ ತಳ ಹಿಡಿಯಿತು. ಈ ವಿಚಾರ ಮಾತ್ರ ಇನ್ನೂ ನನ್ನನ್ನು ಬಿಟ್ಟಿಲ್ಲ.

ಮಾವನ ಕಥೆಯನ್ನು ಮೊದಲು ಹೇಳಬೇಕು. ಅವರು ನನ್ನ ಅಮ್ಮನ ಅಣ್ಣ. ಎಂಬತ್ತರ ದಶಕದಲ್ಲಿ ಉಡುಪಿ ಸೀಮೆಯ ಸಾವಿರಾರು ಹುಡುಗರ ಹಾಗೆ ಬೊಂಬಾಯಿಗೆ ಹೋಗಿ, ಅಲ್ಲಿಂದ ಕೊಲ್ಲಿಗೆ ಹಾರಿದವರು. ಕುವೈತ್‌ನ ಶುವೈಖ್‌ನಲ್ಲಿ, ಅಂದರೆ ಗ್ಯಾರೇಜು ಗೋದಾಮುಗಳ ಏರಿಯಾದಲ್ಲಿ, ಒಂದು ಬಿಡಿಭಾಗಗಳ ಅಂಗಡಿಯಲ್ಲಿ ಸ್ಟೋರ್‌ಕೀಪರ್. ಏಳು ವರ್ಷ ದುಡಿದು ಒಂದು ಸೆಕೆಂಡ್ ಹ್ಯಾಂಡ್ ಡಾಟ್ಸನ್ ಕಾರು ತೆಗೆದುಕೊಂಡಿದ್ದರು. ಹಳದಿ ಬಣ್ಣದ್ದು. ಆ ಕಾರಿಗೆ ಒರಗಿ ನಿಂತ ಫೋಟೋ ಅಜ್ಜಿ ಮನೆಯ ಚಾವಡಿಯಲ್ಲಿ ಇವತ್ತಿಗೂ ಇದೆ. ಬೆಲ್‌ಬಾಟಮ್ ಹೋಗಿ ಎಷ್ಟೋ ವರ್ಷವಾಗಿತ್ತು, ಮಾವನಿಗೆ ಗೊತ್ತಿರಲಿಲ್ಲ ಅಂತ ಕಾಣುತ್ತದೆ.

1990ರ ಆಗಸ್ಟ್ 2ರಂದು ಸದ್ದಾಂ ಹುಸೇನನ ಸೈನ್ಯ ಕುವೈತ್‌ಗೆ ನುಗ್ಗಿತು. ಆ ತಿಂಗಳ ಕೊನೆಗೆ ಕುವೈತ್ ಅನ್ನೋ ದೇಶವೇ ಇಲ್ಲ, ಅದು ಇರಾಕಿನ ಹತ್ತೊಂಬತ್ತನೇ ಪ್ರಾಂತ್ಯ ಅಂತ ಘೋಷಣೆಯಾಯಿತು. ಕಿಸೆಯಲ್ಲಿದ್ದ ಕುವೈತಿ ದಿನಾರು ರಾತ್ರೋರಾತ್ರಿ ಬೆಲೆ ಕಳೆದುಕೊಂಡಿತು. ಮಾವ ಹೇಳುವ ಯುದ್ಧದಲ್ಲಿ ಗುಂಡಿನ ಸದ್ದು ಕಡಿಮೆ. ಖುಬ್ಬೂಸ್ ರೊಟ್ಟಿಗೆ ಬೆಳಗಿನ ಮೂರು ಗಂಟೆಗೇ ಸಾಲು ನಿಲ್ಲುವುದು ಅದರಲ್ಲಿ ಬರುತ್ತದೆ. ಸಿಗರೇಟು ಬೇಡಲು ಬರುತ್ತಿದ್ದ, ಮೀಸೆ ಸರಿಯಾಗಿ ಮೂಡದ ಇರಾಕಿ ಸೈನಿಕರು ಬರುತ್ತಾರೆ. ಅದೇ ಸೈನಿಕರು ಮರುದಿನ ಅಂಗಡಿಯ ಶಟರ್ ಮುರಿದು ಟಯರುಗಳನ್ನು ಹೊತ್ತುಕೊಂಡು ಹೋದದ್ದೂ ಬರುತ್ತದೆ. "ಪಾಪದವರು, ಕಳ್ಳರು, ಎರಡೂ ಒಬ್ಬರೇ" ಅನ್ನುತ್ತಾರೆ. (ಮಾವ ಇದನ್ನೆಲ್ಲ ಹೇಳಿದ್ದು ತುಳುವಿನಲ್ಲಿ. ಕನ್ನಡಕ್ಕೆ ತಂದವಳು ನಾನು, ಅವರ ಬೈಗುಳಗಳನ್ನು ಬಿಟ್ಟಿದ್ದೇನೆ.)

ಸೆಪ್ಟೆಂಬರಿನಲ್ಲಿ ನಲವತ್ತೈದು ಜನ ಸೇರಿ ಒಂದು ಬಸ್ಸು ಗೊತ್ತು ಮಾಡಿ ಹೊರಟರು. ಕುವೈತ್ ನಗರದಿಂದ ಉತ್ತರಕ್ಕೆ ಬಸ್ರಾ ರಸ್ತೆ, ಅಲ್ಲಿಂದ ಬಾಗ್ದಾದ್, ಅಲ್ಲಿಂದ ಮರುಭೂಮಿ ದಾಟಿ ಜೋರ್ಡಾನ್ ಗಡಿ. ಗಡಿಯ ಡೇರೆಗಳಲ್ಲಿ ಒಂಬತ್ತು ದಿನ. ನೀರಿನ ಟ್ಯಾಂಕರ್ ಬಂದಾಗ ಬಾಂಗ್ಲಾದವರು, ಶ್ರೀಲಂಕಾದವರು, ನಮ್ಮವರು ಎಲ್ಲ ಒಟ್ಟಿಗೆ ಓಡುವುದು. ಆಮೇಲೆ ಅಮ್ಮಾನಿನಿಂದ ಏರ್ ಇಂಡಿಯಾ ವಿಮಾನದಲ್ಲಿ ಬೊಂಬಾಯಿಗೆ. ಕೊಂಕಣ ರೈಲು ಆಗಿನ್ನೂ ಬಂದಿರಲಿಲ್ಲ, ಬೊಂಬಾಯಿಯಿಂದ ಊರಿಗೆ ಮತ್ತೆ ಬಸ್ಸು. ಕಟಪಾಡಿಯಲ್ಲಿ ಇಳಿದಾಗ ಅವರ ಕೈಯಲ್ಲಿ ಒಂದು ರೆಕ್ಸಿನ್ ಚೀಲ ಇತ್ತಂತೆ. ನಾನಾಗ ಒಂದೂವರೆ ವರ್ಷದ ಕೂಸು, ಗಡ್ಡ ಬಿಟ್ಟ ಮಾವನನ್ನು ನೋಡಿ ಅತ್ತೆನಂತೆ.

ಕಾರು ಅಲ್ಲೇ ಉಳಿಯಿತು, ಗೋದಾಮಿನ ಹಿಂದೆ. ಕೀಲಿಕೈ ಅದರಲ್ಲೇ ಬಿಟ್ಟು ಬಂದರಂತೆ. ಯಾಕೆ ಅಂತ ಕೇಳಿದರೆ, "ಹೇಗೂ ಕೊಂಡೋಗ್ತಾರೆ. ಗ್ಲಾಸ್ ಒಡೆಯುವುದು ಯಾಕೆ?"

ಅಲ್ಲಿಂದ ಮೂವತ್ತು ವರ್ಷ ಮುಂದಕ್ಕೆ ಬರುತ್ತೇನೆ. 2020ರ ಮಾರ್ಚ್, ಇಲ್ಲಿ ಜರ್ಮನಿಯಲ್ಲಿ ಕೊರೊನಾ ಲಾಕ್‌ಡೌನ್. ಮಾಸ್ಟರ್ಸ್ ಕೊನೆಯ ಸೆಮಿಸ್ಟರ್, ಮೂವರು ಹಂಚಿಕೊಂಡ ಫ್ಲ್ಯಾಟು. ಒಬ್ಬ ಫ್ಲ್ಯಾಟ್‌ಮೇಟ್ ಹತ್ತಿರ ಪ್ಲೇಸ್ಟೇಷನ್ ಇತ್ತು. ಥೀಸಿಸ್ ಬರೆಯಬೇಕಿದ್ದ ಸಂಜೆಗಳಲ್ಲಿ ನಾವು 'ಕಾಲ್ ಆಫ್ ಡ್ಯೂಟಿ: ಮಾಡರ್ನ್ ವಾರ್‌ಫೇರ್' ಆಡಿದೆವು. 2019ರಲ್ಲಿ ಬಂದ ಆಟ. ಉರ್ಜಿಕ್‌ಸ್ತಾನ ಅಂತ ಒಂದು ಕಲ್ಪಿತ ದೇಶ, ಅಲ್ಲಿ ರಷ್ಯನ್ ಸೈನ್ಯದ ಆಕ್ರಮಣ, ಅದರ ವಿರುದ್ಧ ಹೋರಾಡುವವರ ಜೊತೆ ನಾವು. ಅದರಲ್ಲಿ ಒಂದು ಘಟ್ಟದ ಹೆಸರು 'ಹೈವೇ ಆಫ್ ಡೆತ್', ಸಾವಿನ ಹೆದ್ದಾರಿ. ಮರುಭೂಮಿಯ ರಸ್ತೆ, ಉದ್ದಕ್ಕೂ ಸುಟ್ಟು ತುಕ್ಕು ಹಿಡಿದ ಕಾರು ಲಾರಿಗಳು. ಗುಡ್ಡದ ಮೇಲೆ ಮಲಗಿ, ದೂರದಿಂದ ಬರುವ ಶತ್ರುಗಳನ್ನು ಸ್ನೈಪರ್ ಬಂದೂಕಿನಿಂದ ಹೊಡೆಯಬೇಕು. ಗಾಳಿ ಎಷ್ಟಿದೆ, ಗುಂಡು ಎಷ್ಟು ಕೆಳಗೆ ಬೀಳುತ್ತದೆ ಅಂತ ಲೆಕ್ಕ ಹಾಕಬೇಕು. ಲೆಕ್ಕ ನನಗೆ ಬರುತ್ತದೆ, ಮೂವರಲ್ಲಿ ನನ್ನ ಸ್ಕೋರೇ ಹೆಚ್ಚು. ಆ ಗಾಡಿಗಳು ಯಾಕೆ ಸುಟ್ಟಿವೆ ಅಂದರೆ, ಓಡಿಹೋಗುತ್ತಿದ್ದ ಜನರ ಮೇಲೆ ರಷ್ಯನ್ನರು ಬಾಂಬು ಹಾಕಿದ್ದರು ಅಂತ ಆಟದ ಪಾತ್ರವೊಂದು ಹೇಳುತ್ತದೆ. ನಾನು ಕೇಳಿಸಿಕೊಂಡೆ, ಬಂದೂಕಿಗೆ ಗುಂಡು ತುಂಬಿದೆ, ಅಷ್ಟೇ.

ಮರುವರ್ಷ ಊರಿಗೆ ಹೋದಾಗ ಒಂದು ಮಧ್ಯಾಹ್ನ ಮಾವ ಎಲೆ ಅಡಿಕೆ ಹಾಕಿಕೊಳ್ಳುತ್ತಾ ಹಳೇ ಮಾತು ತೆಗೆದರು. ಬಸ್ಸು ಮುತ್ಲಾ ಅನ್ನೋ ದಿಬ್ಬ ಹತ್ತುವಾಗ ತಿರುಗಿ ನೋಡಿದರೆ ಕುವೈತ್ ನಗರ ಕಂಡಿತ್ತಂತೆ. "ಅದೇ ರಸ್ತೆ. ಆಮೇಲೆ ಅಮೆರಿಕದವರು ಬಾಂಬು ಹಾಕಿದ್ರಲ್ಲ, ಹೈವೇ ಆಫ್ ಡೆತ್ ಅಂತ ಪೇಪರಲ್ಲಿ ಬಂದಿತ್ತು."

ನನ್ನ ಬಾಯಿಂದ ಮಾತು ಹೊರಡಲಿಲ್ಲ. ಆ ಹೆಸರು ನನಗೆ ಗೊತ್ತಿತ್ತು. ಆ ರಸ್ತೆಯಲ್ಲಿ ನಾನು ಎಷ್ಟೋ ಸಂಜೆ ಮಲಗಿ ಗುರಿಯಿಟ್ಟಿದ್ದೆ.

ಆದದ್ದು ಇಷ್ಟು. 1991ರ ಫೆಬ್ರವರಿ 26, 27ರಂದು ಕುವೈತ್ ಬಿಟ್ಟು ಹಿಮ್ಮೆಟ್ಟುತ್ತಿದ್ದ ಇರಾಕಿ ಸೈನ್ಯದ ಸಾಲನ್ನು ಅಮೆರಿಕ ನೇತೃತ್ವದ ಮಿತ್ರಪಡೆಯ ವಿಮಾನಗಳು ಹೆದ್ದಾರಿ 80ರಲ್ಲಿ, ಮುತ್ಲಾ ದಿಬ್ಬದ ಹತ್ತಿರ, ತಡೆದು ಹೊಡೆದವು. ಮುಂದಿನ ಮತ್ತು ಹಿಂದಿನ ಗಾಡಿಗಳನ್ನು ಮೊದಲು ಹೊಡೆದರೆ ನಡುವಿನವು ಸಿಕ್ಕಿಬೀಳುತ್ತವೆ. ಸಾವಿರಕ್ಕೂ ಹೆಚ್ಚು ವಾಹನಗಳು ಅಲ್ಲಿ ಅನಾಥವಾಗಿ ಬಿದ್ದವು. ಎಷ್ಟು ಜನ ಸತ್ತರು ಅನ್ನುವುದಕ್ಕೆ ಎಲ್ಲರೂ ಒಪ್ಪುವ ಲೆಕ್ಕ ಇವತ್ತಿಗೂ ಇಲ್ಲ. ಅವರು ಸಂತರಾಗಿರಲಿಲ್ಲ, ಕುವೈತನ್ನು ಏಳು ತಿಂಗಳು ಹಿಂಡಿದ ಸೈನ್ಯ ಅದು. ಲಾರಿಗಳಲ್ಲಿ ಕದ್ದ ಟಿವಿ, ರತ್ನಗಂಬಳಿ ತುಂಬಿತ್ತು. ಎಷ್ಟೋ ಗಾಡಿಗಳೇ ಕದ್ದವು, ಕುವೈತಿನ ಜನರ ಕಾರುಗಳು, ಬಸ್ಸುಗಳು. ಆದರೆ ಬಾಂಬು ಹಾಕಿದ್ದು ರಷ್ಯನ್ನರಲ್ಲ. ಆಟ ಬಂದಾಗ ರಷ್ಯಾದ ಆಟಗಾರರು ಸಿಟ್ಟಾದರು, ಪತ್ರಿಕೆಗಳೂ ಬರೆದವು. ಇದು ಕಲ್ಪಿತ ದೇಶದ ಕಲ್ಪಿತ ಕಥೆ ಅನ್ನುವ ಉತ್ತರ ಇದ್ದೇ ಇತ್ತು. ಹೆಸರನ್ನು ಮಾತ್ರ ಕಲ್ಪಿಸಿಕೊಳ್ಳಲಿಲ್ಲ, ನಿಜವಾದದ್ದನ್ನೇ ತೆಗೆದುಕೊಂಡರು.

ನನ್ನನ್ನು ಹೆಚ್ಚು ಕಾಡಿದ್ದು ಈ ಅದಲುಬದಲು ಅಲ್ಲ. ಸುಳ್ಳನ್ನು ಹುಡುಕಿ ತಿದ್ದಬಹುದು. ಸುಳ್ಳೇ ಇಲ್ಲದೆ, ಬರೀ ನಿಜವನ್ನೇ ತೋರಿಸಿಯೂ ಯುದ್ಧವನ್ನು ಮರೆಮಾಡಬಹುದು ಅನ್ನುವುದು ಆ ಯುದ್ಧದ ಬಗ್ಗೆ ಓದುತ್ತಾ ಹೋದಾಗ ತಿಳಿಯಿತು.

1991ರ ಕೊಲ್ಲಿ ಯುದ್ಧವನ್ನು ಟಿವಿಯಲ್ಲಿ ನೇರಪ್ರಸಾರವಾದ ಮೊದಲ ಯುದ್ಧ ಅನ್ನುತ್ತಾರೆ. ನಮ್ಮಲ್ಲೂ ಕೇಬಲ್ ಟಿವಿ ಹಬ್ಬುವುದಕ್ಕೆ ಆ ಯುದ್ಧದ ಸಿಎನ್‌ಎನ್ ಒಂದು ಕಾರಣ. ಮೊದಲು ದೊಡ್ಡ ಹೋಟೆಲುಗಳಿಗೆ ಬಂತು, ಆಮೇಲೆ ಬೊಂಬಾಯಿ, ದಿಲ್ಲಿಯ ಕೇಬಲ್‌ನವರು ಮನೆಮನೆಗೆ ಎಳೆದರು. ಕಟಪಾಡಿಯಲ್ಲಿ ರೇಡಿಯೋ ಅಷ್ಟೇ. ಆ ಯುದ್ಧದಲ್ಲಿ ಜನರ ಮನಸ್ಸಿನಲ್ಲಿ ಉಳಿದದ್ದು ಬಾಂಬಿನ ಕಣ್ಣಿನಿಂದ ತೆಗೆದ ಕಪ್ಪುಬಿಳುಪು ವಿಡಿಯೋ. ನಡುವೆ ಒಂದು ಕ್ರಾಸ್ ಗುರುತು, ಕೆಳಗೆ ಒಂದು ಕಟ್ಟಡ, ಅದು ದೊಡ್ಡದಾಗುತ್ತಾ ಬರುತ್ತದೆ, ದೊಡ್ಡದಾಗುತ್ತದೆ, ಆಮೇಲೆ ಪರದೆ ಖಾಲಿ. 1991ರ ಜನವರಿ 30ರಂದು ರಿಯಾದ್‌ನ ಪತ್ರಿಕಾಗೋಷ್ಠಿಯಲ್ಲಿ ಜನರಲ್ ಶ್ವಾರ್ಜ್‌ಕಾಫ್ ಇಂಥದ್ದೇ ಒಂದನ್ನು ತೋರಿಸಿದರು. ಒಂದು ಸೇತುವೆ, ಅದರ ಮೇಲೆ ಒಂದು ಗಾಡಿ, ಅದು ದಾಟಿದ ಮರುಕ್ಷಣ ಸೇತುವೆ ಚೂರು. ಇರಾಕಿನಲ್ಲಿ ಇವತ್ತು ಇವನಷ್ಟು ಅದೃಷ್ಟವಂತ ಯಾರೂ ಇಲ್ಲ ಅಂತ ಜನರಲ್ ತಮಾಷೆ ಮಾಡಿದರು, ಪತ್ರಕರ್ತರು ನಕ್ಕರು. ಆ ವಿಡಿಯೋ ಈಗಲೂ ಸಿಗುತ್ತದೆ. ನಾನೂ ನೋಡಿದೆ. ಸುಳ್ಳು ಹೇಳುವುದಿಲ್ಲ, ನನಗೂ ನಗು ಬಂತು. ಗಾಡಿಯ ಚಾಲಕ ಕಾರ್ಟೂನಿನ ಇಲಿಯ ಹಾಗೆ ಕಾಣುತ್ತಾನೆ.

ಆ ವಿಡಿಯೋಗಳಲ್ಲಿ ಒಂದೂ ನಕಲಿಯಲ್ಲ. ಆದರೆ ಆ ಯುದ್ಧದಲ್ಲಿ ಹಾಕಿದ ಬಾಂಬುಗಳಲ್ಲಿ ಹೀಗೆ ಗುರಿ ಹುಡುಕಿಕೊಂಡು ಹೋಗುವಂಥವು ಸುಮಾರು ಶೇಕಡಾ 8 ಮಾತ್ರ. ಉಳಿದವು ಹಳೇ ಕಾಲದವು, ಕಣ್ಣಿಲ್ಲದವು, ಬಿದ್ದಲ್ಲಿ ಬಿದ್ದವು. ಕಣ್ಣಿಲ್ಲದ ಬಾಂಬು ವಿಡಿಯೋ ತೆಗೆಯುವುದಿಲ್ಲ, ಹಾಗಾಗಿ ಟಿವಿಯಲ್ಲಿ ಅದಕ್ಕೆ ಜಾಗವಿಲ್ಲ.

ಡೇಟಾ ಜೊತೆ ಕೆಲಸ ಮಾಡುವವರಿಗೆ ಇದು ಹಳೇ ತಲೆನೋವು. ಒಂದು ಥರ್ಮಾಮೀಟರ್ ಇದೆ ಅಂದುಕೊಳ್ಳಿ, ನಲವತ್ತು ಡಿಗ್ರಿ ದಾಟಿದ ಕೂಡಲೇ ಅದು ಕೆಟ್ಟುಹೋಗುತ್ತದೆ. ವರ್ಷದ ಕೊನೆಗೆ ಅದರ ಅಂಕಿಗಳನ್ನೆಲ್ಲ ಕೂಡಿಸಿ ಸರಾಸರಿ ತೆಗೆದರೆ ನಿಮ್ಮ ಊರು ತಂಪಾಗಿದೆ ಅಂತ ಬರುತ್ತದೆ. ಒಂದು ಅಂಕಿಯೂ ತಪ್ಪಿಲ್ಲ. ತಪ್ಪಿರುವುದು ಯಾವ ಅಂಕಿ ಕಾಣೆಯಾಗಿದೆ ಅನ್ನುವುದರಲ್ಲಿ. ಬಾಂಬಿನ ಮೂತಿಯ ಕ್ಯಾಮೆರಾ ಇಂಥ ಥರ್ಮಾಮೀಟರು. ಅದು ಬೇರೆಲ್ಲ ಹೊತ್ತು ನೋಡುತ್ತದೆ, ನೋಡಲೇಬೇಕಾದ ಹೊತ್ತಿಗೆ ಸರಿಯಾಗಿ ಸಾಯುತ್ತದೆ. ಕೆಳಗಿದ್ದವರ ಕಥೆ ಶುರುವಾಗುವುದೇ ಅಲ್ಲಿಂದ.

ಬಾಗ್ದಾದಿನ ಅಮಿರಿಯಾ ಆಶ್ರಯತಾಣದ ಮೇಲೆ ಫೆಬ್ರವರಿ 13ರ ಮುಂಜಾವ ಎರಡು ಬಾಂಬು ಬಿದ್ದವು. ಲೇಸರ್ ಬಾಂಬುಗಳು, ಆ ಶೇಕಡಾ 8ರ ಪೈಕಿ. ಗುರಿ ತಪ್ಪಲಿಲ್ಲ. ಅದು ಸೇನೆಯ ನಿಯಂತ್ರಣ ಕೇಂದ್ರ ಅಂತ ಅಮೆರಿಕ ಹೇಳಿತು. ಒಳಗೆ ಮಲಗಿದ್ದವರು ಊರಿನ ಜನ, ನಾನೂರಕ್ಕೂ ಹೆಚ್ಚು ಮಂದಿ ಸತ್ತರು, ಬಹಳಷ್ಟು ಹೆಂಗಸರು ಮಕ್ಕಳು. ನಿಖರ ಅನ್ನುವ ಪದ ಕೇಳಿದಾಗಲೆಲ್ಲ ನನಗೀಗ ಅದು ನೆನಪಾಗುತ್ತದೆ. ನಮ್ಮ ಕೆಲಸದಲ್ಲೂ ಆ ಪದ ದಿನಕ್ಕೆ ಹತ್ತು ಸಲ ಬರುತ್ತದೆ.

ಕ್ಯಾಮೆರಾ ಬದುಕಿದ್ದರೂ ಚಿತ್ರ ನಮ್ಮವರೆಗೆ ಬರಬೇಕಲ್ಲ. ಕೆನ್ ಜರೆಕ್ ಅನ್ನುವ ಅಮೆರಿಕನ್ ಛಾಯಾಗ್ರಾಹಕ ಯುದ್ಧದ ಕೊನೆಯ ದಿನ ದಕ್ಷಿಣ ಇರಾಕಿನ ರಸ್ತೆಯೊಂದರಲ್ಲಿ, ಲಾರಿಯಿಂದ ಹೊರಬರಲು ಹೆಣಗುತ್ತಲೇ ಸುಟ್ಟುಹೋದ ಇರಾಕಿ ಸೈನಿಕನ ಫೋಟೋ ತೆಗೆದ. ಅಸೋಸಿಯೇಟೆಡ್ ಪ್ರೆಸ್‌ನ ನ್ಯೂಯಾರ್ಕ್ ಕಚೇರಿಯಲ್ಲಿ ಅದನ್ನು ತಡೆಹಿಡಿದರು. ಲಂಡನ್ನಿನ 'ಅಬ್ಸರ್ವರ್' ಪ್ರಕಟಿಸಿತು. ಅಮೆರಿಕದ ಓದುಗರು ಅದನ್ನು ನೋಡಿದ್ದು ತಿಂಗಳುಗಳ ನಂತರ, ಒಂದು ಫೋಟೋಗ್ರಫಿ ಪತ್ರಿಕೆಯಲ್ಲಿ. ಆ ಚಿತ್ರವನ್ನು ತಡೆದವರಲ್ಲಿ ಯಾರೂ ಸುಳ್ಳು ಹೇಳಲಿಲ್ಲ. ಮಕ್ಕಳು ನೋಡುವ ಪತ್ರಿಕೆ, ಬೆಳಗಿನ ಕಾಫಿ ಹೊತ್ತು, ಓದುಗರ ಮನಸ್ಸಿಗೆ ನೋವಾಗುತ್ತದೆ ಅನ್ನುವ ಮರ್ಯಾದೆಯ ಕಾರಣಗಳೇ ಅವು.

ಮರ್ಯಾದೆ ಇಲ್ಲದ ಸುಳ್ಳೂ ಇತ್ತು ಅನ್ನಿ. 1990ರ ಅಕ್ಟೋಬರಿನಲ್ಲಿ ನಯೀರಾ ಅನ್ನುವ ಹದಿನೈದರ ಹುಡುಗಿ ವಾಷಿಂಗ್ಟನ್ನಿನಲ್ಲಿ ಸಂಸದರ ಮುಂದೆ ಅಳುತ್ತಾ, ಇರಾಕಿ ಸೈನಿಕರು ಇನ್‌ಕ್ಯುಬೇಟರಿನಿಂದ ಶಿಶುಗಳನ್ನು ತೆಗೆದು ನೆಲಕ್ಕೆ ಹಾಕಿದ್ದನ್ನು ಕಂಡೆ ಅಂದಳು. ಆಕೆ ಅಮೆರಿಕದಲ್ಲಿದ್ದ ಕುವೈತ್ ರಾಯಭಾರಿಯ ಮಗಳು, ಹಿಂದೆ ಒಂದು ದೊಡ್ಡ ಪ್ರಚಾರ ಕಂಪನಿಯ ಕೆಲಸವಿತ್ತು ಅಂತ ಹೊರಬಿದ್ದದ್ದು 1992ರ ಜನವರಿಯಲ್ಲಿ, ಯುದ್ಧ ಮುಗಿದು ಹತ್ತು ತಿಂಗಳಾದ ಮೇಲೆ. ಇದು ಎಲ್ಲರಿಗೂ ಗೊತ್ತಿರುವ ಕಥೆ, ಎಲ್ಲಾ ಕಡೆ ಹೇಳುತ್ತಾರೆ. ನನಗೆ ಮಾತ್ರ ಆ ಖಾಲಿ ಪರದೆಯೇ ಹೆಚ್ಚು ಹೆದರಿಕೆ ಹುಟ್ಟಿಸುತ್ತದೆ. ಉಕ್ರೇನಿನಿಂದ ಬರುವ ಡ್ರೋನ್ ವಿಡಿಯೋ ನೋಡಿದ್ದೀರಲ್ಲ? ಸೈನಿಕನೊಬ್ಬನ ಹತ್ತಿರ ಹೋಗುತ್ತದೆ, ಅವನ ಮುಖ ಕಾಣುವಷ್ಟು ಹತ್ತಿರ, ಆಮೇಲೆ ಬರೀ ಜರಿಜರಿ. ಮೂವತ್ತು ವರ್ಷದಲ್ಲಿ ಹೊಸದಾಗಿ ಸೇರಿದ್ದು ಹಿನ್ನೆಲೆ ಸಂಗೀತ.

ನನ್ನ ಕೆಲಸದಲ್ಲೂ ಒಮ್ಮೆ ಇದು ಎದುರಾಯಿತು. ಯುದ್ಧದ ವಿಡಿಯೋ ಅಸಲಿಯೋ ಆಟದ್ದೋ ಅಂತ ಗುರುತಿಸುವ ಮಾದರಿ ತಯಾರಿಸುವ ಒಂದು ಸಣ್ಣ ಪ್ರಯೋಗ. ಅದಕ್ಕೆ ಮೊದಲು ಮನುಷ್ಯರು ಕೂತು ಒಂದೊಂದೇ ವಿಡಿಯೋಗೆ ಅಸಲಿ, ನಕಲಿ ಅಂತ ಚೀಟಿ ಅಂಟಿಸಬೇಕು. 'ಆರ್ಮಾ 3' ತಯಾರಿಸಿದ ಪ್ರಾಗ್‌ನ ಕಂಪನಿಯೇ 2022ರಲ್ಲಿ, ನಮ್ಮ ಆಟದ ದೃಶ್ಯಗಳನ್ನು ನಿಜವಾದ ಯುದ್ಧ ಅಂತ ಹಂಚುತ್ತಿದ್ದಾರೆ, ಹೀಗೆ ಗುರುತಿಸಿ ಅಂತ ಒಂದು ಹೇಳಿಕೆ ಕೊಟ್ಟಿತ್ತು. ಅದನ್ನೂ ಓದಿಸಿದ್ದೆವು. ಆದರೂ ನಮ್ಮವರು ಒಂದೇ ದಿಕ್ಕಿಗೆ ತಪ್ಪುತ್ತಿದ್ದರು. ಅಸಲಿ ವಿಡಿಯೋದಲ್ಲಿ ಏನೂ ಸರಿಯಾಗಿ ಕಾಣುವುದಿಲ್ಲ. ಕತ್ತಲೆ, ಯಾರದೋ ಉಸಿರು, ದೂರದಲ್ಲಿ ಧಪ್ ಅನ್ನುವ ಸದ್ದು, ನೆಲ ತೋರಿಸುವ ಫೋನು. ಇದೆಂಥ ಯುದ್ಧ ಅಂತ ನಕಲಿಯ ಚೀಟಿ ಅಂಟಿಸುತ್ತಿದ್ದರು. ಆಟದ್ದು ಸ್ಪಷ್ಟ, ಒಳ್ಳೇ ಕೋನ, ಬೆಂಕಿ ನಡುಮಧ್ಯದಲ್ಲಿ. ಅದು ಅಸಲಿ. ನಾವು ಯುದ್ಧ ಹೇಗಿರುತ್ತದೆ ಅಂತ ಕಲಿತದ್ದು ಸಿನೆಮಾ, ಆಟ, ಟಿವಿಯಿಂದ, ಕಲಿತದ್ದಕ್ಕೆ ಹೊಂದದಿದ್ದರೆ ಯುದ್ಧವೇ ಸುಳ್ಳು.

ಆದರೆ ಮಾವ? ಅವರು ಹಾಗೆ ಕಲಿತವರಲ್ಲವಲ್ಲ.

ಇಲ್ಲಿ 'ಏರ್‌ಲಿಫ್ಟ್' ಸಿನೆಮಾದ ವಿಷಯ ಹೇಳಬೇಕು. 2016ರ ಜನವರಿಯಲ್ಲಿ ಬಂತು, ಅಕ್ಷಯ್ ಕುಮಾರ್ ನಾಯಕ. ಕುವೈತ್‌ನಲ್ಲಿ ಸಿಕ್ಕಿಬಿದ್ದ ಸುಮಾರು 1,70,000 ಭಾರತೀಯರನ್ನು ಒಬ್ಬ ವ್ಯಾಪಾರಿ ಹೆಚ್ಚುಕಡಿಮೆ ಒಬ್ಬನೇ ಪಾರುಮಾಡುವ ಕಥೆ. ದಿಲ್ಲಿಯ ಕಚೇರಿಗಳಲ್ಲಿ ಫೈಲು ಕದಲುವುದಿಲ್ಲ, ಒಬ್ಬ ಅಧಿಕಾರಿ ಮಾತ್ರ ಕೊನೆಗೆ ಮನಸ್ಸು ಮಾಡುತ್ತಾನೆ. ನಿವೃತ್ತ ರಾಜತಾಂತ್ರಿಕರು ಬೇಸರಪಟ್ಟುಕೊಂಡರು, ವಿದೇಶಾಂಗ ಇಲಾಖೆಯೂ ಸಿನೆಮಾ ಸತ್ಯಕ್ಕೆ ದೂರ ಅಂತ ಹೇಳಿತು. ನಡೆದದ್ದರಲ್ಲಿ ಮ್ಯಾಥುನ್ನಿ ಮ್ಯಾಥ್ಯೂಸ್‌ರಂಥ ಕುವೈತ್ ನಿವಾಸಿಗಳ ಸಮಿತಿಗಳಿದ್ದವು, ರಾಯಭಾರ ಕಚೇರಿಯವರಿದ್ದರು, ಏರ್ ಇಂಡಿಯಾ ಸಿಬ್ಬಂದಿ ಇದ್ದರು. 59 ದಿನಗಳಲ್ಲಿ 488 ಹಾರಾಟ. ವಿದೇಶಾಂಗ ಮಂತ್ರಿ ಐ. ಕೆ. ಗುಜ್ರಾಲ್ ಬಾಗ್ದಾದಿಗೇ ಹೋಗಿ ಸದ್ದಾಂನನ್ನು ಕಂಡರು. ಆಗ ಸದ್ದಾಂ ಅವರನ್ನು ಅಪ್ಪಿಕೊಂಡ ಫೋಟೋ ಜಗತ್ತಿಡೀ ಹೋಯಿತು, ಭಾರತಕ್ಕೆ ಮುಜುಗರವಾಯಿತು ಅಂತ ಇವತ್ತಿಗೂ ಬರೆಯುತ್ತಾರೆ. ಮಾವನ ಪ್ರಕಾರ ಆ ಅಪ್ಪುಗೆ ಇಲ್ಲದಿದ್ದರೆ ಬಸ್ಸು ಗಡಿ ದಾಟುತ್ತಿರಲಿಲ್ಲ. ಫೋಟೋ ನೋಡಿದವರಿಗೆ ಕಂಡದ್ದು ಒಬ್ಬ ಮಂತ್ರಿ, ಒಬ್ಬ ಸರ್ವಾಧಿಕಾರಿ. ಅದರ ಚೌಕಟ್ಟಿನ ಹೊರಗೆ ಲಕ್ಷಾಂತರ ಜನ ರೊಟ್ಟಿಗೆ ಸಾಲು ನಿಂತಿದ್ದರು.

ಸಿನೆಮಾ ಬಂದಾಗ ನಾನಿನ್ನೂ ಬೆಂಗಳೂರಿನಲ್ಲಿದ್ದೆ. ಉಡುಪಿಗೆ ಬಂದು ಮಾವ ಅತ್ತೆಯನ್ನು ಕರೆದುಕೊಂಡು ಹೋದೆ. ಅವರು ಸಿಟ್ಟಾಗುತ್ತಾರೆ ಅಂದುಕೊಂಡಿದ್ದೆ. ಒಳಗೊಳಗೆ ಅದನ್ನೇ ಕಾಯುತ್ತಿದ್ದೆ ಅಂತಲೂ ಹೇಳಬಹುದು. ಆದದ್ದು ಬೇರೆ. ಧ್ವಜ ಏರುವ ದೃಶ್ಯದಲ್ಲಿ ಮಾವ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಹೊರಗೆ ಬಂದು ನಾನು ಶುರುಮಾಡಿದೆ, ಹೀಗಾಗಿರಲಿಲ್ಲ, ಒಬ್ಬನೇ ಹೀರೋ ಅಲ್ಲ, ನೀವೇ ಬಸ್ಸು ಗೊತ್ತು ಮಾಡಿಕೊಂಡು ಬಂದಿರಲ್ಲ ಅಂತ.

"ಅದು ಸಿನೆಮಾ ಮಾರಾಯ್ತಿ. ನಮ್ದು ಯಾರು ತೋರಿಸ್ತಾರೆ? ಸಾಲಲ್ಲಿ ನಿಂತದ್ದು, ಭೇದಿ ಆದದ್ದು?"

"ಹೌದು ಹೌದು. ನಿಮ್ಮ ಭೇದಿಗೆ ಟಿಕೆಟ್ ತಕೊಂಡು ಬರ್ತಾರೆ ಜನ" ಅಂದರು ಅತ್ತೆ.

ಆಮೇಲೆ ಟಿವಿಯಲ್ಲಿ ಬಂದಾಗಲೆಲ್ಲ ಮಾವ ಅದನ್ನು ನೋಡುತ್ತಾರೆ. ಈಗ ಅವರು ಹೇಳುವ ಕಥೆಯಲ್ಲಿ ಸಿನೆಮಾದ ಒಂದೆರಡು ದೃಶ್ಯ ಸೇರಿಕೊಂಡಿವೆ. ಗಡಿಯಲ್ಲಿ ಧ್ವಜ ಏರಿತ್ತು ಅಂತ ಹೋದ ವರ್ಷ ಹೇಳಿದರು. ಮೊದಲು ಯಾವತ್ತೂ ಹೇಳಿರಲಿಲ್ಲ. ನಾನು ಅತ್ತೆಯ ಮುಖ ನೋಡಿದೆ, ಅತ್ತೆ ಬೀನ್ಸ್ ಹೆಚ್ಚುತ್ತಿದ್ದರು. ಯಾರಿಗೆ ತಿದ್ದಲಿ? ಇಪ್ಪತ್ತಾರು ವರ್ಷ ಅವರ ಕಥೆಯನ್ನು ಯಾರೂ ಕೇಳಿರಲಿಲ್ಲ, ಕೆಲಸ ಕಳೆದುಕೊಂಡು ಖಾಲಿ ಕೈಯಲ್ಲಿ ಬಂದವನ ಕಥೆ. ಸಿನೆಮಾ ಬಂದ ಮೇಲೆ ಪೇಟೆಯಲ್ಲಿ ನಿಲ್ಲಿಸಿ ಕೇಳಿದರು.

ಯಾವ ಸಿನೆಮಾದಲ್ಲೂ ಬರದ ಇನ್ನೊಂದು ಸಂಗತಿ ನಮ್ಮ ಅಜ್ಜಿ ಮನೆಯ ತಾರಸಿ. ಯುದ್ಧದ ನಂತರ ವಿಶ್ವಸಂಸ್ಥೆ ಒಂದು ಪರಿಹಾರ ಆಯೋಗ ಮಾಡಿತು, ಕುವೈತ್ ಬಿಟ್ಟು ಓಡಬೇಕಾದವರು ಅರ್ಜಿ ಹಾಕಬಹುದಿತ್ತು. ಕಾರಿಗೂ ಪರಿಹಾರ ಕೇಳಬಹುದಿತ್ತು, ಮಾವನ ಹತ್ತಿರ ಕಾಗದಪತ್ರ ಇರಲಿಲ್ಲ. ಹಾಗಾಗಿ ಬೇರೇನೂ ಕೇಳುವುದಿಲ್ಲ ಅಂತ ಬರೆದುಕೊಟ್ಟವರಿಗೆ ಸಿಗುವ ನಿಗದಿತ ಮೊತ್ತ, ಒಬ್ಬರಿಗೆ 4,000 ಡಾಲರ್, ಅದನ್ನು ಆರಿಸಿಕೊಂಡರು. ತೊಂಬತ್ತರ ದಶಕದ ಕೊನೆಗೆ ಕಂತಿನಲ್ಲಿ ಬಂತು, ಆಗಿನ ಲೆಕ್ಕಕ್ಕೆ ಒಂದೂವರೆ ಲಕ್ಷ ರೂಪಾಯಿಯ ಹತ್ತಿರ. ಹಂಚು ತೆಗೆದು ತಾರಸಿ ಹಾಕಿಸಿದರು. ಬೇಸಗೆ ರಜೆಯಲ್ಲಿ ನಾವು ಮಕ್ಕಳೆಲ್ಲ ಮಲಗುತ್ತಿದ್ದದ್ದು ಅದರ ಮೇಲೆ.

ಆ ಹಣ ಬಂದದ್ದು ಇರಾಕಿನ ಎಣ್ಣೆ ಮಾರಾಟದಿಂದ. 1990ರ ಆಗಸ್ಟಿನಿಂದ ನಿರ್ಬಂಧದಲ್ಲಿ ಸೊರಗುತ್ತಿದ್ದ ದೇಶ ಎಣ್ಣೆ ಮಾರಿ ಬಂದ ದುಡ್ಡಿನಲ್ಲಿ ಮೊದಲು ಶೇಕಡಾ 30ರಷ್ಟನ್ನು ಈ ಪರಿಹಾರಕ್ಕೇ ತೆಗೆದಿಡಬೇಕಿತ್ತು. ಸದ್ದಾಂ ಹೋದ, ಅವನ ನಂತರದ ಸರ್ಕಾರಗಳು ಕಟ್ಟುತ್ತಲೇ ಇದ್ದವು. ಕೊನೆಯ ಕಂತು ಕಟ್ಟಿದ್ದು 2022ರ ಜನವರಿಯಲ್ಲಿ. ಒಟ್ಟು 52.4 ಬಿಲಿಯನ್ ಡಾಲರ್, ಸುಮಾರು 15 ಲಕ್ಷ ಅರ್ಜಿದಾರರಿಗೆ. ಸಿಗರೇಟು ಬೇಡಿದ ಆ ಹುಡುಗರಲ್ಲಿ ಯಾರಾದರೂ ಬಸ್ರಾ ರಸ್ತೆಯಿಂದ ಬದುಕಿ ಮನೆ ಸೇರಿದ್ದರೆ, ಅವರ ಮಕ್ಕಳೂ ನಮ್ಮ ತಾರಸಿಗೆ ಕೊಟ್ಟಿದ್ದಾರೆ. ಇದು ಅನ್ಯಾಯ ಅಂತ ಹೇಳುತ್ತಿಲ್ಲ, ಮಾವನ ಏಳು ವರ್ಷದ ದುಡಿಮೆಗೆ ಅದು ಸಣ್ಣ ಬೆಲೆಯೇ. ಆದರೆ ಯುದ್ಧ ಯಾವತ್ತು ಮುಗಿಯಿತು ಅಂತ ಕೇಳಿದರೆ ಟಿವಿ 1991ರ ಫೆಬ್ರವರಿ 28 ಅನ್ನುತ್ತದೆ. ಲೆಕ್ಕದ ಪುಸ್ತಕ 2022 ಅನ್ನುತ್ತದೆ.

ಮೇ ತಿಂಗಳ ಆ ಜಗಳದ ನಂತರ ಮಾವ ಮೂರು ವಾರ ನನ್ನ ಮೆಸೇಜಿಗೆ ಉತ್ತರಿಸಲಿಲ್ಲ. ಡಿಸೆಂಬರಿನಲ್ಲಿ ಊರಿಗೆ ಹೋದಾಗ ನಾನೇ ಕೇಳಿದೆ, ಅಷ್ಟೆಲ್ಲ ನೋಡಿದವರು ಆ ವಿಡಿಯೋ ಹೇಗೆ ನಂಬಿದಿರಿ ಅಂತ. ಸ್ವಲ್ಪ ಹೊತ್ತು ಯೋಚಿಸಿ ಹೇಳಿದರು: "ನಾನು ನೋಡಿದ್ದು ಹಾಗೆ ಇರಲಿಲ್ಲ, ಹೌದು. ನಾವು ರೂಮಿನ ಒಳಗೆ ಲೈಟ್ ಆಫ್ ಮಾಡಿ ಕೂತದ್ದು. ಹೊರಗೆ ಹೀಗೇ ಇದ್ದಿರಬೇಕು ಅಂದ್ಕೊಂಡೆ."

ನಾನು ಲ್ಯಾಪ್‌ಟಾಪ್ ತಂದು, ಆಡಿದ್ದನ್ನು ಒಪ್ಪಿಕೊಂಡು, ಆಟದ ಆ ಘಟ್ಟವನ್ನು ಯಾರೋ ಆಡಿ ಹಾಕಿದ್ದ ವಿಡಿಯೋ ತೋರಿಸಿದೆ. ಮಾವ ಬೈಯಲಿಲ್ಲ. ದಿಬ್ಬ ಇಲ್ಲಿಲ್ಲ, ರಸ್ತೆ ಇಷ್ಟು ಸಪೂರ ಅಲ್ಲ, ಆರು ಲೇನು ಅಂತ ಒಂದೆರಡು ತಪ್ಪು ತೋರಿಸಿದರು. ಆಮೇಲೆ ಮಾತು ನಿಲ್ಲಿಸಿ ಪರದೆಗೆ ಮುಖ ಹತ್ತಿರ ತಂದರು.

ಅವರು ಮೊದಲೂ ಹೀಗೆ ಮಾಡಿದ್ದಾರೆ ಅಂತ ಅತ್ತೆ ಆಮೇಲೆ ಹೇಳಿದರು. 1991ರಲ್ಲಿ ವಾರಪತ್ರಿಕೆಗಳಲ್ಲಿ ಆ ರಸ್ತೆಯ ಫೋಟೋ ಬಂದಾಗ ಭೂತಗನ್ನಡಿ ಹಿಡಿದು ಕೂರುತ್ತಿದ್ದರಂತೆ.

"ಸ್ವಲ್ಪ ಹಿಂದೆ ಹೋಗು. ಆ ಲಾರಿಯ ಎಡಗಡೆದ್ದು."

ಹಿಂದೆ ಹೋದೆ. ಅರ್ಧ ಸುಟ್ಟ ಒಂದು ಕಾರು, ಮೇಲೆ ಮರಳು. ನಿಲ್ಲಿಸಿದೆ.

"ಇದಲ್ಲ. ಇದಕ್ಕೆ ನಾಲ್ಕು ಬಾಗಿಲು ಉಂಟು, ನಮ್ಮದಕ್ಕೆ ಎರಡು" ಅಂದರು. ಆಮೇಲೆ ಮುಂದೆ ಬಿಡು ಅಂತ ಕೈ ಮಾಡಿದರು.